ಅರಿಶಿನ ಕೊಂಬಿನ ತೂಕ

ನಾನೊಂದು ತೂಕದ ಯಂತ್ರ. ಅಂಗಡಿಯ ಗಲ್ಲೆಯ ಪಕ್ಕ ಕೂತು ಕೆಂಪು ಅಂಕಿ ಮಿನುಗಿಸುವ ಈಗಿನ ಜಾತಿಯವನಲ್ಲ. ನೆಲಕ್ಕೆ ಹತ್ತಿದಂತೆ ಒಂದು ಕಬ್ಬಿಣದ ಮಣೆ, ಅದರ ಹಿಂದೆ ಎದೆಮಟ್ಟದ ಒಂದು ಕಂಬ, ಕಂಬದ ನೆತ್ತಿಯಲ್ಲಿ ಅಂಕಿ ಕೊರೆದ ಹಿತ್ತಾಳೆಯ ದಂಡ, ದಂಡದ ಮೇಲೆ ಹಿಂದೆ ಮುಂದೆ ಸರಿಯುವ ಒಂದು ಗುಂಡು. ಇಷ್ಟೇ ನಾನು. ಮಣೆಯ ಮೇಲೆ ಭಾರವಿಟ್ಟು ಗುಂಡು ಸರಿಸುತ್ತ ಹೋದರೆ, ಒಂದು ಜಾಗದಲ್ಲಿ ದಂಡ ಮೇಲಕ್ಕೂ ಹೋಗದೆ ಕೆಳಕ್ಕೂ ಬೀಳದೆ ನಡುವೆ ತೇಲುತ್ತದೆ. ಆಗ ಗುಂಡು ನಿಂತ ಅಂಕಿಯೇ ತೂಕ. ಅದರ ಮೇಲೆ ಮಾತಿಲ್ಲ. ನಮ್ಮ ಕಡೆ ನನ್ನನ್ನು ಕಾಟಾ ಎನ್ನುತ್ತಾರೆ.

ಹುಟ್ಟಿದ್ದು ಹುಬ್ಬಳ್ಳಿಯ ಒಂದು ಎರಕದ ಕಾರ್ಖಾನೆಯಲ್ಲಿ. ನನ್ನನ್ನು ಜೋಡಿಸಿದ ಮೇಸ್ತ್ರಿ ಕೆಲಸ ಮುಗಿಸಿ ನನ್ನ ದಂಡದ ತುದಿಗೆ ಒಂದು ಗ್ರಾಂ ತೂಕದ ಬೊಟ್ಟು ಇಟ್ಟ, ಮಣೆಯ ಮೇಲೆ ನೂರು ಗ್ರಾಂ ಇಟ್ಟ. ದಂಡ ಸಮವಾಗಿ ತೇಲಿತು. ಒಂದಕ್ಕೆ ನೂರು, ಇದು ನನ್ನ ಹುಟ್ಟುಗುಣ. ಆಮೇಲೆ ಸರಕಾರದ ಇನ್‌ಸ್ಪೆಕ್ಟರ್ ಬಂದು ಪರೀಕ್ಷೆ ಮಾಡಿ ಸೀಸದ ಮುದ್ರೆ ಒತ್ತಿದರು. ಆ ಮುದ್ರೆಯ ಸೊಕ್ಕು ನನಗೆ ಬಹಳ ಕಾಲ ಇತ್ತು. ಇದನ್ನು ಮುಚ್ಚಿಡುವುದಿಲ್ಲ, ಮುಚ್ಚಿಡುವುದು ನಮ್ಮ ಕುಲದಲ್ಲೇ ಇಲ್ಲ.

ಮೊದಲ ಹತ್ತೊಂಬತ್ತು ವರ್ಷ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ದುಡಿದೆ. ಚೀಲ ಬರುವುದು, ಇಳಿಯುವುದು, ಮತ್ತೊಂದು ಚೀಲ. ಕೆಂಪು ಪುಡಿ ನನ್ನ ಸಂದುಗೊಂದಿಗಳಲ್ಲಿ ಸೇರಿ ನನ್ನದೇ ಮೈಬಣ್ಣವಾಯಿತು. ಪೇಟೆಗೆ ಕರೆಂಟಿನ ಕಾಟಾ ಬಂದಾಗ ನಮ್ಮ ಮಾಲಕರಾದ ಕರಿಬಸಪ್ಪ ಶೆಟ್ಟರು ನನ್ನನ್ನು ಮುರಿಯಲು ಹಾಕಲಿಲ್ಲ. ಅವರಿಗೆ ಕುಸ್ತಿಯ ಹುಚ್ಚು. ಧಾರವಾಡದಾಚೆ ಹೆಣ್ಣುಮಕ್ಕಳ ಒಂದು ಕುಸ್ತಿ ನಿಲಯ ಶುರುವಾಗಿತ್ತು. ಅದಕ್ಕೆ ನನ್ನನ್ನು ದಾನ ಕೊಟ್ಟುಬಿಟ್ಟರು.

ಚೀಲ ತೂಗಿದವನಿಗೆ ಹುಡುಗಿಯರನ್ನು ತೂಗುವ ಕೆಲಸ ಬಂತು. ಮೊದಲ ದಿನ ಮಣೆ ಹತ್ತಿದ ಹದಿನಾಲ್ಕು ಮಂದಿಯೂ ಸೀನಿದರು. ಸೀನಿದಾಗಲೆಲ್ಲ ದಂಡ ಹಾರಿ ಬೀಳುತ್ತಿತ್ತು. ಅವತ್ತೇ ನನಗೆ ಮೆಣಸಿನಕಾಯಿ ಕಾಟಾ ಎಂದು ಹೆಸರಿಟ್ಟರು. ಚೀಲಗಳು ಯಾವತ್ತೂ ನನಗೆ ಹೆಸರಿಟ್ಟಿರಲಿಲ್ಲ.

ನಿಲಯದಲ್ಲಿ ಬೆಳಗು ಶುರುವಾಗುತ್ತಿದ್ದುದು ನನ್ನಿಂದ. ಅಡುಗೆಮನೆಯ ಪಡಸಾಲೆಯಲ್ಲಿ ನನ್ನ ಜಾಗ. ಹುಡುಗಿಯರು ಸಾಲಾಗಿ ನಿಲ್ಲುವರು. ಕಿವಿಯೋಲೆ ಬಿಚ್ಚುವರು, ಹೊರಗೆ ಹೋಗಿ ಉಗುಳಿ ಬರುವರು, ಉಸಿರು ಬಿಗಿಹಿಡಿದು ಹತ್ತುವರು. ಉಸಿರು ಹಿಡಿದರೆ ತೂಕ ಕಡಿಮೆಯಾಗುವುದಿಲ್ಲ ಎಂದು ನನಗೆ ಗೊತ್ತು. ಅವರಿಗೂ ಗೊತ್ತು. ಆದರೂ ಹಿಡಿಯುವರು. ಪಕ್ಕದ ಕರಿಹಲಗೆಯ ಮೇಲೆ ಪ್ರತಿಯೊಬ್ಬರ ಹೆಸರಿನ ಮುಂದೆ ಅವತ್ತಿನ ಅಂಕಿ ಬೀಳುತ್ತಿತ್ತು. ಆ ಹಲಗೆಯ ಮೇಲೆ ಹೆಸರಿದ್ದವರು ನಿಲಯದವರು. ಹೆಸರು ಒರೆಸಿದರೆ ಮನೆಗೆ.

ಅವರನ್ನು ಪಳಗಿಸುತ್ತಿದ್ದವರು ಮೀರಾಸಾಬ ವಸ್ತಾದರು. ಗಿಡ್ಡ ಮನುಷ್ಯ, ಎರಡೂ ಕಿವಿ ಕುಸ್ತಿಯಲ್ಲಿ ಮುದುಡಿ ಒಣ ಅಂಜೂರದ ಹಾಗಾಗಿದ್ದವು. ಯಾರನ್ನೂ ಹತ್ತಿಸುವ ಮೊದಲು ಬರಿಯ ಮಣೆ ಇಟ್ಟುಕೊಂಡು, ಗುಂಡನ್ನು ಸೊನ್ನೆಗೆ ತಂದು, ಒಂದು ಬೆರಳಿನಿಂದ ನನ್ನ ದಂಡ ಮುಟ್ಟಿ ಬಿಡುತ್ತಿದ್ದರು. ಅದು ತೂಗಾಡಿ ನಡುವೆ ನಿಂತಿತೋ ಸರಿ, ಇಲ್ಲವಾದರೆ ಒರೆಸಿ ಎಣ್ಣೆ ಬಿಟ್ಟು ಸರಿಮಾಡುತ್ತಿದ್ದರು. ದಿನವೂ ಒಂದೇ ಮಾತು: "ಮೊದ್ಲ ಕಾಟಾದ ಸುಳ್ಳ ನೋಡ್ರಿ. ಆಮ್ಯಾಲೆ ನಿಮ್ಮ ಖರೆ ನೋಡ್ಕೋರಿ." ಹುಡುಗಿಯರು ತಲೆಯಾಡಿಸುತ್ತಿದ್ದರು. ವಸ್ತಾದರು ನೋಡುತ್ತಾರಲ್ಲ ಎಂದು ತಾವು ಯಾವತ್ತೂ ನೋಡಲಿಲ್ಲ. ಒಬ್ಬಳು ಮಾತ್ರ ಅವರ ಬೆರಳನ್ನೇ ದಿಟ್ಟಿಸುತ್ತಿದ್ದಳು. ಅವಳು ಕಸ್ತೂರಿ.

ಕಸ್ತೂರಿ ಹೊಸಟ್ಟಿ ಕಲಘಟಗಿ ಕಡೆಯ ಒಂದು ಸಣ್ಣ ಊರಿನವಳು. ಬಂದಾಗ ಹನ್ನೊಂದು ವರ್ಷ, ಮೂವತ್ತೊಂದು ಕಿಲೋ. ಅದೇ ವಾರ ಯಲ್ಲಾಪುರದ ಕಾಡಿನ ಕಡೆಯಿಂದ ಫಿಲೋಮಿನಾ ಸಿದ್ದಿ ಬಂದಳು. ಅವಳೂ ಮೂವತ್ತೊಂದು ಕಿಲೋ. ಒಂದೇ ತೂಕದವರನ್ನು ಜೋಡಿ ಮಾಡುವುದು ಕುಸ್ತಿಯ ಪದ್ಧತಿ. ಆರು ವರ್ಷ ಇಬ್ಬರೂ ಒಬ್ಬರನ್ನೊಬ್ಬರು ಕೆಡವಿದರು, ಎತ್ತಿದರು, ಒಂದೇ ತಾಟಿನಲ್ಲಿ ಉಂಡರು. ಬೇರೆ ಮಕ್ಕಳು ಒಬ್ಬರಿಗೊಬ್ಬರು ಹೆಗಲ ಮೇಲೆ ಕೈಹಾಕಿ ಬೆಳೆದರೆ ಇವರು ಕೊರಳ ಮೇಲೆ ಮೊಣಕೈ ಹಾಕಿ ಬೆಳೆದರು. ಊರಿಗೆ ರಜೆಗೆ ಹೋದರೆ ನಾಲ್ಕೇ ದಿನಕ್ಕೆ ಓಡಿಬರುತ್ತಿದ್ದರು. ಊರಲ್ಲಿ ಕಸ್ತೂರಿಗೆ ಗಂಡುಬೀರಿ ಎನ್ನುತ್ತಿದ್ದರಂತೆ. ಫಿಲೋಮಿನಾಗೆ ಏನೆನ್ನುತ್ತಿದ್ದರೋ, ಅವಳು ಹೇಳಲಿಲ್ಲ. ಇಲ್ಲಿ ಮಾತ್ರ ಅವರು ಎಲ್ಲರ ಹಾಗಿದ್ದರು.

ಆದರೆ ಒಂದೇ ತೂಕ ಎಂಬುದೇ ತೊಡಕಾಯಿತು. ರಾಜ್ಯದ ಕುಸ್ತಿಗೆ ಒಂದು ತೂಕಕ್ಕೆ ನಿಲಯದಿಂದ ಒಬ್ಬಳನ್ನೇ ಕಳಿಸುತ್ತಿದ್ದರು. ಅದಕ್ಕಾಗಿ ನಿಲಯದೊಳಗೇ ಕುಸ್ತಿ ಹಿಡಿಸುತ್ತಿದ್ದರು, ಪ್ರತಿ ವರ್ಷ ಫಿಲೋಮಿನಾ ಗೆಲ್ಲುತ್ತಿದ್ದಳು. ಎತ್ತರಕ್ಕೆ ಎತ್ತರ, ಕಸುವಿಗೆ ಕಸುವು. ಕಸ್ತೂರಿ ಅವಳ ಸಾಮಾನು ಹೊತ್ತು ಜೊತೆಗೆ ಹೋಗಿ ಚಪ್ಪಾಳೆ ತಟ್ಟಿ ಬರುತ್ತಿದ್ದಳು. ಹದಿನೆಂಟು ತುಂಬುವುದರೊಳಗೆ ರಾಜ್ಯದಲ್ಲಿ ಮೊದಲ ಎರಡು ಸ್ಥಾನದೊಳಗೆ ಬರದಿದ್ದರೆ ನಿಲಯ ಬಿಡಬೇಕು ಎಂಬುದು ನಿಯಮ. ಕಸ್ತೂರಿಗೆ ಹದಿನೇಳು ನಡೆಯುತ್ತಿತ್ತು. ಉಳಿದದ್ದು ದಸರೆಯಾದ ಮೇಲೆ ನಡೆಯುವ ಒಂದೇ ಕುಸ್ತಿ.

ಒಂದು ಬೆಳಿಗ್ಗೆ ಇಬ್ಬರೇ ನನ್ನ ಮುಂದೆ ನಿಂತಿದ್ದರು. ಇಬ್ಬರೂ ನಲವತ್ತೆಂಟರ ಆಸುಪಾಸು. ನಲವತ್ತೆಂಟು ಕಿಲೋ ಮೀರದವರದು ಒಂದು ಗುಂಪು, ಅದರ ಮೇಲಿನದು ಐವತ್ತೊಂದು ಮೀರದವರದು, ಗ್ರಾಂ ಮೀರಿದರೂ ಹೆಸರು ಹೋಗುತ್ತದೆ. ಫಿಲೋಮಿನಾ ಮಣೆಯಿಂದ ಇಳಿಯುತ್ತ ಹೇಳಿದಳು: "ನಾ ಐವತ್ತೊಂದಕ್ಕ ಹೊಕ್ಕೀನಿ. ನಲವತ್ತೆಂಟು ನೀ ಇಟ್ಕೋ."

ಹೇಳಿದಷ್ಟು ಸುಲಭವಲ್ಲ ಅದು. ಮೇಲಿನ ತೂಕದಲ್ಲಿ ಮೇಲಿನ ಹುಲಿಗಳಿರುತ್ತವೆ. ಗೆಲ್ಲುವ ಮನೆ ಬಿಟ್ಟು ಸೋಲಬಹುದಾದ ಮನೆಗೆ ಹೋಗುವುದು ಅದು. ಕಸ್ತೂರಿ ಎರಡು ದಿನ ಅವಳೊಡನೆ ಮಾತು ಬಿಟ್ಟಳು. ಫಿಲೋಮಿನಾ ಕೇಳಬೇಕಲ್ಲ. ಮರುದಿನದಿಂದಲೇ ಅಡುಗೆಯ ಗಂಗವ್ವನ ಕೈಯಿಂದ ಶೇಂಗಾ, ಬಾಳೆಹಣ್ಣು, ಹೆಚ್ಚಿನ ರೊಟ್ಟಿ ಇಸಿದುಕೊಂಡು ತಿನ್ನತೊಡಗಿದಳು. ಒಬ್ಬಳು ಉಣ್ಣುತ್ತ ಏರುತ್ತಿದ್ದಳು, ಎದುರಿಗೆ ಕೂತವಳು ಉಪ್ಪಿಲ್ಲದ ಸಾರು ಕುಡಿಯುತ್ತ ನಲವತ್ತೆಂಟನ್ನು ಹಿಡಿದುಕೊಂಡಿದ್ದಳು. ಕಸ್ತೂರಿಯ ಎಲುಬು ಬೆಳೆಯುವ ವಯಸ್ಸು. ದೇಹಕ್ಕೆ ನಿಯಮ ಗೊತ್ತಿರುವುದಿಲ್ಲ. ಪ್ರತಿ ಬೆಳಿಗ್ಗೆ ಅವಳ ಪಾದ ನನ್ನ ಮಣೆ ಮುಟ್ಟಿದಾಗ ತಣ್ಣಗಿರುತ್ತಿತ್ತು.

ಆ ವರ್ಷ ಭಾದ್ರಪದದಲ್ಲಿ ಮೀರಾಸಾಬ ವಸ್ತಾದರು ನಿವೃತ್ತರಾದರು. ಹೋಗುವ ದಿನ ಎಲ್ಲ ಹುಡುಗಿಯರ ತಲೆ ಮುಟ್ಟಿದರು, ನನ್ನ ದಂಡವನ್ನೂ ಮುಟ್ಟಿದರು. ಹೊಸಬರು ಬರುವತನಕ ಒಬ್ಬ ಶಾಲಾ ಮಾಸ್ತರರು ನಿಲಯ ನೋಡಿಕೊಳ್ಳುತ್ತಿದ್ದರು. ಒಳ್ಳೆಯವರೇ, ಆದರೆ ಅವರ ಆಟ ವಾಲಿಬಾಲು. ಹುಡುಗಿಯರು ತಾವೇ ಹತ್ತಿ, ತಾವೇ ಗುಂಡು ಸರಿಸಿ, ತಾವೇ ಬರೆದುಕೊಳ್ಳತೊಡಗಿದರು.

ಆಯುಧಪೂಜೆ ಬಂತು. ನಿಲಯದ ಆಯುಧಪೂಜೆ ಎಂದರೆ ಹಗ್ಗ, ಗದೆ, ಕಬ್ಬಿಣದ ಗುಂಡುಗಳು, ಗಂಗವ್ವನ ರೊಟ್ಟಿ ಹಂಚು, ನಾನು. ಎಲ್ಲರಿಗೂ ಕುಂಕುಮ, ಚೆಂಡುಹೂ. ಎಲ್ಲರಿಗಿಂತ ಸಡಗರ ಫಿಲೋಮಿನಾಳದು. ಅವಳ ಕೊರಳಲ್ಲಿ ಒಂದು ಪುಟ್ಟ ಶಿಲುಬೆ ಇತ್ತು, ನಿಲಯದಲ್ಲಿ ಅದನ್ನು ಯಾರೂ ಬೇರೆ ಎಣಿಸಲಿಲ್ಲ. ಕ್ರಿಸ್‌ಮಸ್ಸಿಗೆ ಗಂಗವ್ವ ಕರಚಿಕಾಯಿ ಕರಿಯುತ್ತಿದ್ದಳು, ದಸರೆಗೆ ಫಿಲೋಮಿನಾ ಕುಂಬಳಕಾಯಿ ಒಡೆಯುತ್ತಿದ್ದಳು. ಅವತ್ತು ಎಲ್ಲರೂ ಹೋಳಿಗೆಗೆ ಹೋದ ಮೇಲೆ ಅವಳು ಒಬ್ಬಳೇ ನನ್ನ ಬಳಿ ಬಂದಳು. ಗಂಗವ್ವನಿಂದ ಒಂದು ಒಣ ಅರಿಶಿನ ಕೊಂಬು ತಂದಿದ್ದಳು. ತನ್ನ ಜಡೆಯ ಕೆಂಪು ರಿಬ್ಬನ್ನಿನಿಂದ ಒಂದು ಎಳೆ ಹರಿದು, ಆ ಕೊಂಬನ್ನು ನನ್ನ ದಂಡದ ತುದಿಯ ಅಡಿಯಲ್ಲಿ, ಯಾರ ಕಣ್ಣಿಗೂ ಬೀಳದ ಹಾಗೆ ಕಂಕಣ ಕಟ್ಟಿದಳು. ಕಸ್ತೂರಿ ನಲವತ್ತೆಂಟರಾಗ ನಿಲ್ಲಲಿ ಎಂದು ಪಿಸುಗುಟ್ಟಿದಳು.

ಎಷ್ಟು ಪ್ರೀತಿಯಿಂದ ಕಟ್ಟಿದಳು ಎಂದರೆ ನನಗೂ ಒಂದು ಕ್ಷಣ ಹಿತವೆನಿಸಿತು. ಆಮೇಲೆ ಲೆಕ್ಕ ಹಾಕಿದೆ. ಕೊಂಬಿನ ತೂಕ ಎರಡೂವರೆ ಗ್ರಾಂ. ಒಂದಕ್ಕೆ ನೂರು. ಅಂದರೆ ಇನ್ನು ಮೇಲೆ ನಾನು ಎಲ್ಲರಿಗೂ ಕಾಲು ಕಿಲೋ ಕಡಿಮೆ ಹೇಳುತ್ತೇನೆ.

ಕಟ್ಟಿದ ಕಂಕಣ ತಾನಾಗಿ ಬೀಳಬೇಕು, ಬಿಚ್ಚಬಾರದು ಎಂಬುದು ಪದ್ಧತಿ. ಚೆಂಡುಹೂ ಬಾಡಿ ಉದುರಿತು, ಕೊಂಬು ಉಳಿಯಿತು. ವಸ್ತಾದರಿದ್ದರೆ ಒಂದೇ ಬೆರಳಿಗೆ ಸಿಕ್ಕಿಬೀಳುತ್ತಿದ್ದೆ. ಅವರಿರಲಿಲ್ಲ. ಹತ್ತೊಂಬತ್ತು ವರ್ಷ ಪೇಟೆಯಲ್ಲಿ ಯಾರ ಕಡೆಗೂ ವಾಲದವನು ಎಂಟು ದಿನ ಬೆಳಿಗ್ಗೆ ಬೆಳಿಗ್ಗೆ ಸುಳ್ಳು ಹೇಳಿದೆ. ಬಾಯಿಲ್ಲದವನ ಕಷ್ಟ ಬಾಯಿಲ್ಲದವನಿಗೇ ಗೊತ್ತು.

ಉಳಿದವರಿಗೆ ಅರ್ಧ, ಒಂದು ಕಿಲೋ ಕೈಯಲ್ಲಿತ್ತು. ಫಿಲೋಮಿನಾ ಐವತ್ತಕ್ಕೆ ಬಂದಿದ್ದಳು, ಐವತ್ತೊಂದರೊಳಗೆ ಆರಾಮಾಗಿ ಕೂಡುವವಳು. ಕಸ್ತೂರಿಗೆ ಮಾತ್ರ ಕೂದಲೆಳೆಯಷ್ಟೂ ಅವಕಾಶವಿರಲಿಲ್ಲ. ರಾಜ್ಯದ ಕುಸ್ತಿಗೆ ಹೊರಡುವ ಬೆಳಿಗ್ಗೆ ನಾನು ಸರಿಯಾಗಿ ನಲವತ್ತೆಂಟು ತೋರಿಸಿದೆ. ಅವಳು ಇಳಿದು ನನ್ನ ಕಂಬಕ್ಕೆ ಹಣೆ ಹಚ್ಚಿದಳು. ಫಿಲೋಮಿನಾ ಹಿಂದಿನಿಂದ ಬಂದು ಅವಳನ್ನು ಅನಾಮತ್ತು ಎತ್ತಿ ಒಂದು ಸುತ್ತು ತಿರುಗಿಸಿದಳು.

ಅಲ್ಲಿ ನಡೆದದ್ದನ್ನು ನಾನು ನೋಡಲಿಲ್ಲ. ಮರಳಿ ಬಂದ ಮಾಸ್ತರರು ಗಂಗವ್ವನಿಗೆ ಹೇಳುವಾಗ ಕೇಳಿದೆ. ಅಲ್ಲಿಯ ಕಾಟಾ ಕಸ್ತೂರಿಗೆ ಕಾಲು ಕಿಲೋ ಹೆಚ್ಚು ತೋರಿಸಿತಂತೆ. ತೂಗುವ ಸಮಯ ಮುಗಿಯಲು ಅರ್ಧ ಗಂಟೆ ಇತ್ತಂತೆ. ಹುಡುಗಿ ಎರಡು ಸ್ವೆಟರು ಹಾಕಿಕೊಂಡು ಬಿಸಿಲಲ್ಲಿ ಓಡಿದಳಂತೆ, ಬಾಯಿ ಒಣಗುವತನಕ ಉಗುಳಿದಳಂತೆ. ಕೊನೆಗೆ ಕತ್ತರಿ ಇಸಿದುಕೊಂಡು ತನ್ನ ಸೊಂಟ ಮುಟ್ಟುವ ಜಡೆಯನ್ನು ತಾನೇ ಕತ್ತರಿಸಿ ಹಾಕಿದಳಂತೆ. ಮತ್ತೆ ಹತ್ತಿದಾಗ ಐವತ್ತು ಗ್ರಾಂ ಉಳಿದಿತ್ತು. ಒಂದು ನಿಂಬೆಹಣ್ಣಿನಷ್ಟು. ಹೆಸರು ಹೊಡೆದುಹಾಕಿದರು. ಐವತ್ತೊಂದರಲ್ಲಿ ಫಿಲೋಮಿನಾ ಚಿನ್ನ ಗೆದ್ದಳು. ರಾಷ್ಟ್ರದ ಶಿಬಿರಕ್ಕೆ ಅವಳ ಹೆಸರು ಬಂತು.

ಆಮೇಲೆ ನಡೆದದ್ದು ನನ್ನ ಬದುಕಿನಲ್ಲೇ ಕೆಟ್ಟ ವಾರ. ನಿಲಯದಲ್ಲಿ ಮಾತು ಹುಟ್ಟಿತು. ಇಲ್ಲಿ ಸರಿಯಿದ್ದ ತೂಕ ಅಲ್ಲಿ ಹೇಗೆ ಹೆಚ್ಚಾಯಿತು? ದಾರಿಯಲ್ಲಿ ತಿಂದಿದ್ದಾಳೆ. ಬಸ್ಸಿನಲ್ಲಿ ಚುನಮುರಿ, ಹೋಟೆಲಿನಲ್ಲಿ ಮಿರ್ಚಿ ಭಜಿ. ಆಡುವವರ ಬಾಯಿಗೆ ಬೀಗವುಂಟೆ? ಅವಳು ನೀರನ್ನೂ ಕುಡಿದಿಲ್ಲ ಎಂದಳು. ಯಾರೋ ನನ್ನ ಕಡೆ ಬೆರಳು ತೋರಿಸಿ, ಮೆಣಸಿನಕಾಯಿ ಕಾಟಾ ಸುಳ್ಳು ಹೇಳುತ್ತದೆಯೇ ಎಂದು ಕೇಳಿದರು. ನನ್ನ ಒಳ್ಳೆಯ ಹೆಸರೇ ಅವಳ ಕೊರಳಿಗೆ ಉರುಳಾಯಿತು. ಅವಳು ಊಟಕ್ಕೆ ಕೂತರೆ ಪಕ್ಕದವರು ತಾಟು ತೆಗೆದುಕೊಂಡು ಸರಿಯುತ್ತಿದ್ದರು. ಒಂದು ಸಂಜೆ ಫಿಲೋಮಿನಾ ಕೂಡ, ಮುಖ ನೋಡದೆ, ಕೇಳಿಬಿಟ್ಟಳು: "ಖರೇ ಹೇಳು, ಬಸ್ಸಿನ್ಯಾಗ ಏನರ ತಿಂದಿದ್ಯೇನ?"

ಕಸ್ತೂರಿ ತಾಟು ಎತ್ತಿಕೊಂಡು ಎದ್ದುಹೋದಳು. ಶಿಸ್ತಿಲ್ಲದವಳು ಎಂದು ಮಾಸ್ತರರು ಹಲಗೆಯಿಂದ ಅವಳ ಹೆಸರು ಒರೆಸಿದರು. ಅವಳು ಜಗಳವಾಡಲಿಲ್ಲ.

ಹೊರಡುವ ಬೆಳಿಗ್ಗೆ ಚೀಲ ಹೆಗಲಿಗೇರಿಸಿ ನನ್ನ ಮುಂದೆ ಬಂದು ನಿಂತಳು. ಕಿವಿಯ ಕೆಳಗೆ ಅಡ್ಡಾದಿಡ್ಡಿ ಕತ್ತರಿಸಿದ ಕೂದಲು. ಆರು ವರ್ಷ ದಿನವೂ ಹತ್ತಿದ ಮಣೆಯನ್ನು ಸುಮ್ಮನೆ ನೋಡಿದಳು. ಆಮೇಲೆ, ವಸ್ತಾದರ ನೆನಪಿಗೋ ಏನೋ, ಗುಂಡನ್ನು ಸೊನ್ನೆಗೆ ತಂದು ಒಂದು ಬೆರಳಿನಿಂದ ದಂಡ ಮುಟ್ಟಿ ಬಿಟ್ಟಳು. ಅದು ನಡುವೆ ನಿಲ್ಲಲಿಲ್ಲ. ತುದಿ ಕೆಳಗೆ ಬಿತ್ತು.

ಕೈ ಅಡಿಗೆ ಹಾಕಿದಳು. ಕೊಂಬು ಸಿಕ್ಕಿತು. ಕೆಂಪು ರಿಬ್ಬನ್ನಿನ ಎಳೆ ಸಿಕ್ಕಿತು. ಆ ರಿಬ್ಬನ್ನನ್ನು ಎಷ್ಟೋ ಬೆಳಿಗ್ಗೆ ಫಿಲೋಮಿನಾಳ ಜಡೆಗೆ ಅವಳೇ ಕಟ್ಟಿದ್ದಳು. ಅಲ್ಲೇ ನಿಂತುಬಿಟ್ಟಳು. ನಾನು ಅಂದುಕೊಂಡೆ, ಈಗ ಕೂಗುತ್ತಾಳೆ, ಎಲ್ಲರೂ ಓಡಿಬರುತ್ತಾರೆ, ಹಲಗೆಯ ಮೇಲೆ ಹೆಸರು ಮತ್ತೆ ಏರುತ್ತದೆ. ಕೂಗು ಮಗಳೇ ಎಂದು ಇದ್ದಷ್ಟು ಕಬ್ಬಿಣದಿಂದ ಬೇಡಿಕೊಂಡೆ.

ಕಿಟಕಿಯಾಚೆ ಬಯಲಲ್ಲಿ ಫಿಲೋಮಿನಾ ಒಬ್ಬಳೇ ಓಡುತ್ತಿದ್ದಳು. ಮೂರು ದಿನಕ್ಕೆ ಶಿಬಿರ. ಕಸ್ತೂರಿ ಅವಳು ಒಂದು ಸುತ್ತು ಮುಗಿಸುವತನಕ ನೋಡಿದಳು. ಆಮೇಲೆ ಗಂಟನ್ನು ಬಿಡಿಸಿದಳು, ಕೊಂಬನ್ನೂ ಎಳೆಯನ್ನೂ ಚೀಲದ ಒಳಜೇಬಿಗೆ ಹಾಕಿದಳು, ನನ್ನ ದಂಡ ಮತ್ತೊಮ್ಮೆ ಮುಟ್ಟಿ ಸರಿಯಾಗಿ ತೇಲುತ್ತಿದೆ ಎಂದು ಖಾತ್ರಿ ಮಾಡಿಕೊಂಡು ಬಸ್ಸಿಗೆ ನಡೆದಳು.

ಮರುದಿನ ಎಲ್ಲರೂ ಒಟ್ಟಿಗೆ ಕಾಲು ಕಿಲೋ ಏರಿದ್ದರು. ಹುಡುಗಿಯರು ಗಂಗವ್ವನ ಹೋಳಿಗೆಯನ್ನು ಬೈದರು. ಹೋಳಿಗೆ ತಿಂದು ಹದಿನೈದು ದಿನದ ಮೇಲಾಗಿತ್ತು, ಅದು ಯಾರಿಗೂ ಹೊಳೆಯಲಿಲ್ಲ. ಫಿಲೋಮಿನಾ ಮಾತ್ರ ಮಣೆಯಿಂದ ಇಳಿದವಳು ದಂಡದ ತುದಿ ಸವರಿದಳು. ಬೆರಳಿಗೆ ಅರಿಶಿನ ಹತ್ತಿತು. ಕೊಂಬು ಇರಲಿಲ್ಲ. ತಾನಾಗಿ ಬಿದ್ದು ಎಲ್ಲೋ ಗುಡಿಸಿಹೋಗಿದೆ ಎಂದುಕೊಂಡಳು. ಕೊಂಬು ಹೋಯಿತು, ಕಾಲು ಕಿಲೋ ಏರಿತು, ಎರಡನ್ನೂ ಅವಳು ಕೂಡಿಸುವುದನ್ನು ಕಂಡೆ. ಶಿಬಿರಕ್ಕೆ ಹೊರಡುವತನಕ ದಿನವೂ ಎಲ್ಲರೂ ಹೋದ ಮೇಲೆ ಬಂದು ನನ್ನ ಮಣೆಯ ಮೇಲೆ ಕೂತು ಅತ್ತಳು. ನಾಳೆ ಹೇಳುತ್ತೇನೆ ಎಂದಳು. ಶಿಬಿರ ಮುಗಿಸಿ ಬಂದು ಹೇಳುತ್ತೇನೆ ಎಂದಳು. ಅವಳಿಗೂ ಹದಿನೇಳೇ. ಇವತ್ತು ಹೇಳದ ಮಾತು ನಾಳೆಗೆ ಇನ್ನಷ್ಟು ಭಾರ, ಇದು ತೂಗುವವನ ಅನುಭವ.

ಹನ್ನೆರಡು ವರ್ಷ ಕಳೆದವು. ಫಿಲೋಮಿನಾ ಶಿಬಿರದಿಂದ ಶಿಬಿರಕ್ಕೆ ಹೋದಳು, ದೇಶದ ಅಂಗಿ ತೊಟ್ಟಳು, ರೈಲ್ವೆಯಲ್ಲಿ ನೌಕರಿ ಹಿಡಿದಳು. ಇಪ್ಪತ್ತೇಳಕ್ಕೆ ಮೊಣಕಾಲು ಕೈಕೊಟ್ಟಿತು. ಎರಡು ವರ್ಷ ಟಿಕೆಟ್ ಕಿಟಕಿಯ ಹಿಂದೆ ಕೂತು ಸೋತು, ಕೊನೆಗೆ ನಮ್ಮ ನಿಲಯಕ್ಕೇ ಕಲಿಸುವವಳಾಗಿ ಬಂದಳು. ಹುಡುಗಿಯರು ಅವಳಿಗೆ ಮೇಡಂ ಎನ್ನುತ್ತಿದ್ದರು. ನಾನು ಆಗಲೇ ಹರಿದ ಚಾಪೆಗಳ ಜೊತೆ ಉಗ್ರಾಣ ಸೇರಿದ್ದೆ, ಪಡಸಾಲೆಯಲ್ಲಿ ಕರೆಂಟಿನ ಕಾಟಾ ಕೂತಿತ್ತು. ಬಂದ ವಾರವೇ ಅವಳು ಉಗ್ರಾಣಕ್ಕೆ ಬಂದು ನನ್ನ ದಂಡದ ಧೂಳು ಒರೆಸಿದಳು. ಹಳೆಯ ಸಾಮಾನು ಗುಜರಿಗೆ ಹಾಕುವ ಪಟ್ಟಿಯಲ್ಲಿ ನನ್ನ ಹೆಸರಿತ್ತು. ಅವಳು ಮೇಲಿನವರಿಗೆ ಅರ್ಜಿ ಕೊಟ್ಟು ನನ್ನನ್ನು ಬಿಡಿಸಿಕೊಂಡಳು, ಟೆಂಪೋ ಹತ್ತಿಸಿದಳು, ತಾನೂ ಹಿಂದೆ ನನ್ನ ಪಕ್ಕದಲ್ಲೇ ಕೂತಳು. ದಾರಿಯುದ್ದಕ್ಕೂ ನನ್ನ ಕಂಬ ಹಿಡಿದುಕೊಂಡಿದ್ದಳು. ನಾನು ಬೀಳದಿರಲೆಂದೋ ಅವಳು ಬೀಳದಿರಲೆಂದೋ ಹೇಳಲಾರೆ.

ಟೆಂಪೋ ನಿಂತದ್ದು ಕಲಘಟಗಿ ಕಡೆಯ ಆ ಸಣ್ಣ ಊರಿನ ಅಂಗನವಾಡಿಯ ಮುಂದೆ. ಬಾಗಿಲಲ್ಲಿ ನಿಂತ ಕಾರ್ಯಕರ್ತೆಯನ್ನು ನಾನು ಪಾದದಿಂದ ಗುರುತಿಸಿದೆ. ಮೈ ತುಂಬಿಕೊಂಡಿದ್ದಳು, ಜಡೆ ಮತ್ತೆ ಸೊಂಟ ಮುಟ್ಟಿತ್ತು. ಕಸ್ತೂರಿ ಒಂದು ಮಗುವನ್ನು ತೂಗುವ ಜೋಳಿಗೆಯಿಂದ ಇಳಿಸಿ ತಾಯಿಯ ಕೈಗೆ ಕೊಟ್ಟಳು. ಚಹಾ ಬಂತು, ಆರಿತು. ಆಮೇಲೆ ಕಸ್ತೂರಿಯೇ ತನ್ನ ಕಥೆ ಹೇಳಿದಳು. ಮೊದಲ ಎರಡು ವರ್ಷ ಮನೆಯ ಹೊಸ್ತಿಲು ದಾಟಿರಲಿಲ್ಲವಂತೆ. ನಸುಕಿನಲ್ಲಿ ತಾನಾಗಿ ಎಚ್ಚರವಾಗುತ್ತಿತ್ತಂತೆ, ಎದ್ದರೆ ಓಡಲು ಜಾಗವಿರಲಿಲ್ಲವಂತೆ. ರೊಟ್ಟಿ ಮುರಿಯುವಾಗಲೆಲ್ಲ ಇದು ಎಷ್ಟು ಗ್ರಾಂ ಎಂದು ಅನಿಸುತ್ತಿತ್ತಂತೆ. ಊರವರು ಕ್ರಮೇಣ ಟೀಚರ್ ಎನ್ನತೊಡಗಿದಾಗ, ಇಲ್ಲಿಯವಳೇ ಹೌದು ಎನಿಸಿತಂತೆ.

ಫಿಲೋಮಿನಾಗೆ ಅದನ್ನು ಕೇಳಲಾಗಲಿಲ್ಲ. ನನ್ನ ದಂಡದ ತುದಿ ಹಿಡಿದುಕೊಂಡು ಎಲ್ಲ ಹೇಳಿಬಿಟ್ಟಳು. ಕೊಂಬು ಕಟ್ಟಿದ್ದು, ಕಸ್ತೂರಿ ಹೋದ ಮರುದಿನವೇ ತಿಳಿದದ್ದು, ಹೇಳುತ್ತೇನೆ ಹೇಳುತ್ತೇನೆ ಎಂದು ಹನ್ನೆರಡು ವರ್ಷ ಹೇಳದೆ ಉಳಿದದ್ದು. ಮಿರ್ಚಿ ತಿಂದವಳು ಎಂಬ ಹೆಸರನ್ನು ನಿನ್ನ ತಲೆಗೆ ಕಟ್ಟಿ ನಾನು ಚಿನ್ನ ಕಟ್ಟಿಕೊಂಡೆ ಎಂದು ಅತ್ತಳು.

ಕಸ್ತೂರಿ ಎದ್ದು ಒಳಗೆ ಹೋದಳು. ರಿಜಿಸ್ಟರುಗಳ ಕಪಾಟು ತೆಗೆದ ಸದ್ದು ಕೇಳಿಸಿತು. ಬಂದು ಅಂಗೈ ಚಾಚಿದಳು. ಅಂಗೈಯಲ್ಲಿ ಸುಕ್ಕಾದ ಒಂದು ಅರಿಶಿನ ಕೊಂಬು, ಬಣ್ಣ ಹೋದ ಒಂದು ರಿಬ್ಬನ್ನಿನ ಎಳೆ.

ಫಿಲೋಮಿನಾ ಅದನ್ನು ನೋಡಿದಳು, ಅವಳನ್ನು ನೋಡಿದಳು. "ಗೊತ್ತಿತ್ತು ನಿನಗ? ಮತ್ತ ಯಾಕ ಹೇಳ್ಲಿಲ್ಲ?"

"ಹೇಳಿದ್ರ ನೀ ಶಿಬಿರಕ್ಕ ಹೋಗ್ತಿದ್ದಿಲ್ಲ," ಎಂದಳು ಕಸ್ತೂರಿ. "ನನ್ನ ಸಲುವಾಗಿ ಎರಡ ಕಿಲೋ ಏರಿದ್ದಿ ನೀ. ನಿನ್ನ ಸಲುವಾಗಿ ಪಾವ ಕಿಲೋ ನಾ ಹೊತ್ಕೊಂಡ್ರ ಏನಾತು?"

ಕೊಂಬನ್ನು ಅವಳ ಕೈಗಿಟ್ಟು ಮತ್ತೊಂದು ಮಾತು ಹೇಳಿದಳು. "ಸಿಟ್ಟು ಇತ್ತು. ಕೊಂಬಿಂದಲ್ಲ. ಬಸ್ಸಿನ್ಯಾಗ ಏನರ ತಿಂದಿದ್ಯೇನ ಅಂತ ನೀ ಕೇಳಿದ್ಯಲ್ಲ, ಅದರದು."

ಫಿಲೋಮಿನಾ ಅವಳ ಕಾಲ ಬಳಿ ನೆಲದ ಮೇಲೆ ಕೂತುಬಿಟ್ಟಳು. ಕಸ್ತೂರಿ ಅವಳ ಕೊರಳ ಮೇಲೆ ಮೊಣಕೈ ಹಾಕಿ ಎಳೆದುಕೊಂಡಳು, ಹಳೆಯ ಹಿಡಿತ. ಇಬ್ಬರೂ ಹಾಗೇ ಕೂತರು. ಆಮೇಲೆ ಒಬ್ಬೊಬ್ಬರಾಗಿ ನನ್ನ ಮಣೆ ಹತ್ತಿದರು. ಅರವತ್ತೊಂದು, ಅರವತ್ಮೂರು. ಉಸಿರು ಹಿಡಿಯಲಿಲ್ಲ. ನಗುತ್ತಿದ್ದುದರಿಂದ ನನಗೆ ತೂಗುವುದೇ ಕಷ್ಟವಾಯಿತು.

ನಾನೀಗ ಆ ಅಂಗನವಾಡಿಯ ಮೂಲೆಯಲ್ಲಿದ್ದೇನೆ. ಸರಕಾರ ಕೊಟ್ಟ ಹೊಸ ಯಂತ್ರ ಬೇರೆ ಇದೆ, ಅದರ ಸೆಲ್ಲು ತೀರಿದಾಗಲೆಲ್ಲ ನನ್ನ ಸರದಿ. ಬಸುರಿಯರು ಬರುತ್ತಾರೆ. ಮೊದಲ ಸಲ ಹತ್ತುವವರು ಇವತ್ತಿಗೂ ಸೀನುತ್ತಾರೆ. ಯಾರನ್ನೂ ಹತ್ತಿಸುವ ಮೊದಲು ಕಸ್ತೂರಿ ಗುಂಡನ್ನು ಸೊನ್ನೆಗೆ ತಂದು ಒಂದು ಬೆರಳಿನಿಂದ ದಂಡ ಮುಟ್ಟಿ ಬಿಡುತ್ತಾಳೆ. ಮೀರಾಸಾಬ ವಸ್ತಾದರು ತೀರಿಹೋಗಿ ಬಹಳ ದಿನವಾಯಿತು, ಅವರ ಬೆರಳು ಇಲ್ಲಿ ಉಳಿದಿದೆ. ದಸರೆಗೆ ಫಿಲೋಮಿನಾ ಬರುತ್ತಾಳೆ. ಹೋದ ವರ್ಷ ನಿಲಯ ಬಿಡಬೇಕಾದ ಇಬ್ಬರು ಹುಡುಗಿಯರನ್ನೂ ಕರೆತಂದಿದ್ದಳು, ಬಿಟ್ಟ ಮೇಲೂ ಬದುಕುಂಟು ಎಂದು ತೋರಿಸಲು. ಅದೇ ಹಳೆಯ ಕೊಂಬನ್ನು ಕಂಕಣ ಕಟ್ಟುತ್ತಾಳೆ. ದಂಡಕ್ಕಲ್ಲ, ನೆಲಕ್ಕೂರಿದ ನನ್ನ ಕಾಲಿಗೆ. ಅಲ್ಲಿ ಎಷ್ಟು ಪ್ರೀತಿ ಕಟ್ಟಿದರೂ ತೂಕ ತಪ್ಪುವುದಿಲ್ಲ.

ಚೀಲ ತೂಗಿದೆ, ಕುಸ್ತಿಯ ಹುಡುಗಿಯರನ್ನು ತೂಗಿದೆ, ಈಗ ಬಸುರಿಯರನ್ನು ತೂಗುತ್ತೇನೆ. ಆ ಪಡಸಾಲೆಯಲ್ಲಿ ಗುಂಡು ಒಂದು ಗೀಟು ಮುಂದೆ ಸರಿದರೆ ಹುಡುಗಿಯರು ಅಳುತ್ತಿದ್ದರು. ಇಲ್ಲಿ ಮೊನ್ನೆ ಐದು ತಿಂಗಳ ಬಸುರಿಯೊಬ್ಬಳು ಹತ್ತಿದಳು. ಹೋದ ತಿಂಗಳಿಗಿಂತ ಒಂದೂವರೆ ಕಿಲೋ ಹೆಚ್ಚು. ಕಸ್ತೂರಿ ಗಟ್ಟಿಯಾಗಿ ಅಂಕಿ ಓದಿ, "ಛಲೋ ಆತು ಬಿಡವ್ವಾ, ಏರೀದಿ," ಎಂದಳು.